ಸಹಿ ಮಗನದು, ಹಕ್ಕು ಅಮ್ಮನದು

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಂಥ ಬಡಾವಣೆಯಲ್ಲಿ ಹಿರಿಯರ ಆರೈಕೆ ಕೇಂದ್ರಕ್ಕೆ ತಾಯಿಯನ್ನು ಸೇರಿಸುವ ದಿನ ಮಗನ ಮುಂದೆ ಕಾಗದದ ಕಟ್ಟೊಂದು ಬರುತ್ತದೆ. ಠೇವಣಿಗೆ ಸಹಿ, ತಿಂಗಳ ಶುಲ್ಕಕ್ಕೆ ಸಹಿ, ತುರ್ತಿನಲ್ಲಿ ಆಸ್ಪತ್ರೆಗೆ ಒಯ್ಯಲು ಒಪ್ಪಿಗೆಯ ಸಹಿ. ಕೆಲವು ಕಡೆ ‘ಬಿದ್ದು ಪೆಟ್ಟಾದರೆ ಸಂಸ್ಥೆ ಹೊಣೆಯಲ್ಲ’ ಎಂಬ ಸಾಲಿನ ಕೆಳಗೂ ಒಂದು ಸಹಿ. ಮಾರನೆಯ ದಿನದಿಂದ ಆ ಕೋಣೆಯಲ್ಲಿ ಬದುಕಬೇಕಾದವರು ತಾಯಿ. ಅವರ ಸಹಿ ಮಾತ್ರ ಆ ಕಟ್ಟಿನಲ್ಲಿ ಹೆಚ್ಚಾಗಿ ಇರುವುದಿಲ್ಲ, ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಓದಿ ಹೇಳಿರುವುದೂ ಇಲ್ಲ. ಹೀಗಾಗಿ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಕೇಳುವ ಹಕ್ಕು ಹಣ ಕಟ್ಟಿದ ಮಗನಿಗಷ್ಟೇ ಇದೆ ಎಂದು ಕೇಂದ್ರದವರು ನಂಬುತ್ತಾರೆ. ಮಗನೂ ನಂಬುತ್ತಾನೆ, ತಾಯಿಯಂತೂ ನಂಬಿಯೇ ನಂಬುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ.

ಕುಂದಲಹಳ್ಳಿ ಗೇಟು, ಎಇಸಿಎಸ್ ಲೇಔಟ್, ಗ್ರಾಫೈಟ್ ಇಂಡಿಯಾ ಜಂಕ್ಷನ್ ಸುತ್ತಲಿನ ಈ ಪ್ರದೇಶಕ್ಕೆ ವಯಸ್ಸಾಗುತ್ತಿದೆ. 1990ರ ದಶಕದ ಕೊನೆಯಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ತಲೆಯೆತ್ತಿದಾಗ ಮೂವತ್ತರ ಆಸುಪಾಸಿನಲ್ಲಿ ಇಲ್ಲಿಗೆ ಬಂದವರು ಈಗ ಐವತ್ತೈದು ದಾಟಿದ್ದಾರೆ. ಹಾಸನದಿಂದ, ಧಾರವಾಡದಿಂದ, ಉಡುಪಿಯಿಂದ ಬಂದು ಮಕ್ಕಳ ಜೊತೆ ನೆಲೆಸಿದ ಅಪ್ಪ-ಅಮ್ಮ ಎಂಬತ್ತರ ಮೇಲಿದ್ದಾರೆ. ಮನೆಯಲ್ಲಿ ಹಗಲು ಹೊತ್ತು ಯಾರೂ ಇಲ್ಲ, ಒಬ್ಬ ಮಗಳು ಡಲ್ಲಾಸ್‌ನಲ್ಲಿದ್ದಾಳೆ, ಅಪ್ಪನಿಗೆ ಮರೆವು ಶುರುವಾಗಿದೆ. ದೇಶದ ಹಿರಿಯರ ಬಗ್ಗೆ ನಡೆದ ದೊಡ್ಡ ಅಧ್ಯಯನ ‘ಲಾಸಿ’ಯ ದತ್ತಾಂಶದ ಪ್ರಕಾರ 60 ದಾಟಿದವರಲ್ಲಿ ಸುಮಾರು ಶೇ 7.4ರಷ್ಟು ಮಂದಿಗೆ, ಅಂದರೆ 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ರಾತ್ರಿಯಿಡೀ ಎದ್ದು ಬಾಗಿಲು ತೆರೆಯುವ, ಗ್ಯಾಸ್ ಹಚ್ಚಿ ಮರೆಯುವ ಹಿರಿಯರನ್ನು ಕೆಲಸಕ್ಕೆ ಹೋಗುವ ಇಬ್ಬರು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೆ ಗೊತ್ತು. ಒಳ್ಳೆಯ ಆರೈಕೆ ಸಿಗಲೆಂದು ಅವರನ್ನು ಕೇಂದ್ರಕ್ಕೆ ಸೇರಿಸುವುದು ಪಾಪವಲ್ಲ. ಆ ಮಕ್ಕಳನ್ನು ಹಳಿಯುವ ಧಾಟಿಯ ಬರಹಗಳು ನನಗೆ ಹಿಡಿಸುವುದಿಲ್ಲ. ಅವುಗಳಿಂದ ಒಳಗಿರುವ ತಾಯಿಗೆ ಒಂದು ಲೋಟ ನೀರೂ ಹೆಚ್ಚಿಗೆ ಸಿಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಈ ಕೇಂದ್ರಗಳನ್ನು ಬಂದು ನೋಡುವವರು ಯಾರು?

ಹೋಟೆಲಿಗೆ ಆಹಾರ ಸುರಕ್ಷತೆಯ ಪರವಾನಗಿ ಬೇಕು. ಕಟ್ಟಡದ ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು. ನಾವು ನರ್ಸಿಂಗ್ ಹೋಮ್ ಎನ್ನುವ ಸಣ್ಣ ಆಸ್ಪತ್ರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿಯಾಗಬೇಕು. ಆದರೆ ಬಾಡಿಗೆ ಬಂಗಲೆಯಲ್ಲಿ ಹತ್ತು-ಹದಿನೈದು ಹಿರಿಯರನ್ನು ಇಟ್ಟುಕೊಂಡು ಉಣಿಸಿ, ಸ್ನಾನ ಮಾಡಿಸಿ, ಮಾತ್ರೆ ಕೊಡುವ ಖಾಸಗಿ ಮನೆಯ ವಿಷಯದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯೇ ಇಲ್ಲ. ಎಷ್ಟು ಜನರಿಗೆ ಒಬ್ಬ ಆಯಾ ಇರಬೇಕು, ರಾತ್ರಿ ಪಾಳಿಗೆ ನರ್ಸ್ ಇರಲೇಬೇಕೇ, ಬೆಂಕಿ ಬಿದ್ದರೆ ಹಾಸಿಗೆ ಹಿಡಿದವರನ್ನು ಹೊರಗೆ ತರುವುದು ಹೇಗೆ ಎಂದು ಗೊತ್ತುಮಾಡಿ ಪರಿಶೀಲಿಸುವ ವ್ಯವಸ್ಥೆಯನ್ನು ಸಂಸತ್ತು ಇನ್ನೂ ಮಾಡಿಲ್ಲ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರಲ್ಲಿ ವೃದ್ಧಾಶ್ರಮದ ಮಾತು ಬರುವುದು 19ನೇ ಸೆಕ್ಷನ್‌ನಲ್ಲಿ. ಜಿಲ್ಲೆಗೆ ಒಂದರಂತೆ, ಕನಿಷ್ಠ 150 ಮಂದಿ ಬಡ ಹಿರಿಯರಿಗಾಗಿ, ಸರ್ಕಾರ ತೆರೆಯಬಹುದಾದ ಮನೆಗಳ ಬಗ್ಗೆ ಅದು ಹೇಳುತ್ತದೆ. ಹಣ ಪಡೆದು ನಡೆಸುವ ಖಾಸಗಿ ಕೇಂದ್ರ ಹೇಗಿರಬೇಕೆಂದು ಹೇಳುವುದಿಲ್ಲ.

ಈ ಕೊರತೆ ದಿಲ್ಲಿಗೆ ತಿಳಿಯದ್ದೇನಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ಈ ಕಾಯ್ದೆಯ ತಿದ್ದುಪಡಿ ಮಸೂದೆಯಲ್ಲಿ ಖಾಸಗಿ ಆರೈಕೆ ಕೇಂದ್ರಗಳಿಗೂ ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಗಳಿಗೂ ನೋಂದಣಿ ಕಡ್ಡಾಯ ಮಾಡುವ, ಕನಿಷ್ಠ ಗುಣಮಟ್ಟ ಗೊತ್ತುಪಡಿಸುವ ಅಂಶಗಳಿದ್ದವು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿ ಕೊಟ್ಟಿತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯುವವರೆಗೂ ಅದು ಕಾನೂನಾಗಲಿಲ್ಲ. ವಸತಿ ಸಚಿವಾಲಯ 2019ರಲ್ಲೇ ನಿವೃತ್ತರ ವಸತಿ ಸಮುಚ್ಚಯಗಳಿಗೆ ಮಾದರಿ ಮಾರ್ಗಸೂಚಿ ತಂದಿತು. ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ಇತ್ತ ತೆರಿಗೆ ಇಲಾಖೆ ವೃದ್ಧಾಶ್ರಮವನ್ನು ಚೆನ್ನಾಗಿ ಗುರುತಿಸಿದೆ: ನೋಂದಾಯಿತ ಧರ್ಮಾರ್ಥ ಸಂಸ್ಥೆಯ ವೃದ್ಧಾಶ್ರಮ ತಿಂಗಳಿಗೆ ತಲಾ 25,000 ರೂಪಾಯಿಯೊಳಗೆ ಪಡೆದರೆ ಜಿಎಸ್‌ಟಿ ಇಲ್ಲ ಎಂದು 2018ರಲ್ಲೇ ಅಧಿಸೂಚನೆ ಹೊರಟಿತು. ಶುಲ್ಕವನ್ನು ಅಷ್ಟು ನಿಖರವಾಗಿ ಅಳೆಯಬಲ್ಲ ಸರ್ಕಾರ ಆರೈಕೆಯನ್ನು ಅಳೆಯದೆ ಬಿಟ್ಟಿರುವುದು ನನಗೆ ನೋವಿನ ಸಂಗತಿ.

ಹೀಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು 2025ರ ಜೂನ್‌ನಲ್ಲಿ ನೋಯ್ಡಾ ತೋರಿಸಿತು. ವೃದ್ಧೆಯೊಬ್ಬರ ಕೈ ಕಟ್ಟಿದ್ದ ವಿಡಿಯೊ ಹರಡಿದ ಮೇಲೆ ಉತ್ತರ ಪ್ರದೇಶದ ಮಹಿಳಾ ಆಯೋಗ, ಪೊಲೀಸರು ಸೆಕ್ಟರ್ 55ರ ವೃದ್ಧಾಶ್ರಮವೊಂದಕ್ಕೆ ಹೋದರು. ಅಲ್ಲಿದ್ದವರು 39 ಮಂದಿ. ಕೆಲವರನ್ನು ಕೋಣೆಯಲ್ಲಿ ಕೂಡಿಹಾಕಲಾಗಿತ್ತು, ಮೈಮೇಲಿನ ಬಟ್ಟೆ ಮಲಮೂತ್ರದಿಂದ ತೊಯ್ದಿತ್ತು. ಸೇರಿಸಿಕೊಳ್ಳುವಾಗ ಎರಡೂವರೆ ಲಕ್ಷ ರೂಪಾಯಿ ದೇಣಿಗೆ ಪಡೆಯಲಾಗುತ್ತಿತ್ತು ಎಂದೂ ವರದಿಯಾಯಿತು. ಅದು ಸಿರಿವಂತರ ಬಡಾವಣೆ, ಸುತ್ತ ಮನೆಗಳೂ ಇದ್ದವು. ಅಧಿಕಾರಿಗಳು ಬಾಗಿಲು ತಟ್ಟಿದ್ದು ವಿಡಿಯೊ ಹೊರಬಂದ ಮೇಲೆ.

ನಿರ್ಲಕ್ಷ್ಯ ಎಂದ ಕೂಡಲೆ ನಾವು ಇಂಥ ದೃಶ್ಯವನ್ನೇ ಕಲ್ಪಿಸಿಕೊಳ್ಳುತ್ತೇವೆ. ಆದರೆ ಹೆಚ್ಚಿನ ನಿರ್ಲಕ್ಷ್ಯಕ್ಕೆ ಸದ್ದಿಲ್ಲ, ನೆಲ ಥಳಥಳ ಹೊಳೆಯುವ ಕೇಂದ್ರದಲ್ಲೂ ಅದು ನಡೆಯಬಹುದು. ಬೆಡ್ ಸೋರ್ ಎಂಬ ಹಾಸಿಗೆ ಹುಣ್ಣನ್ನೇ ನೋಡಿ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ ಇವು ಅದರ ಜಾಗಗಳು. ಮೊದಲು ಚರ್ಮ ಕೆಂಪಗಾಗುತ್ತದೆ, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳುವುದಿಲ್ಲ. ಆಗಲೇ ಗಮನಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಒದ್ದೆ ಡಯಾಪರ್ ತೆಗೆದು, ಏರ್ ಬೆಡ್ ಹಾಕಿದರೆ ಬಹಳಷ್ಟು ಸಲ ಅಲ್ಲಿಗೇ ನಿಲ್ಲುತ್ತದೆ. ಕೊನೆಯ ದಿನಗಳಲ್ಲಿರುವ ತೀರಾ ಕೃಶ ದೇಹಕ್ಕೆ ಎಷ್ಟು ನೋಡಿಕೊಂಡರೂ ಹುಣ್ಣಾಗುವುದುಂಟು, ಅದನ್ನು ಒಪ್ಪೋಣ. ಆದರೆ ಮೂಳೆ ಕಾಣುವಷ್ಟು ಆಳದ ಹುಣ್ಣು, ಅದರ ಬಗ್ಗೆ ದಾಖಲೆಯಲ್ಲಿ ಒಂದು ಸಾಲೂ ಇಲ್ಲ, ಮನೆಯವರಿಗೆ ಒಂದು ಫೋನೂ ಬಂದಿಲ್ಲ ಎಂದರೆ ದಿನಗಟ್ಟಲೆ ಆ ಬೆನ್ನನ್ನು ಯಾರೂ ನೋಡಿಲ್ಲ ಎಂದೇ ಅರ್ಥ.

ನೀರಿನ ವಿಷಯವೂ ಹಾಗೆಯೇ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಕೇಳಿ ಕೇಳಿ ಕುಡಿಸಬೇಕು. ಕೈ ಕಡಿಮೆ ಇರುವಲ್ಲಿ ಡಯಾಪರ್ ಬದಲಿಸುವ ಕೆಲಸ ಉಳಿಸಲು ನೀರು ಕೊಡುವುದನ್ನೇ ಕಡಿಮೆ ಮಾಡುವ ಅಪಾಯ ಇರುತ್ತದೆ. ಮೂತ್ರದ ಸೋಂಕಾಗಿ ಹಿರಿಯರು ಒಂದಕ್ಕೊಂದು ಸಂಬಂಧವಿಲ್ಲದೆ ಮಾತಾಡತೊಡಗಿದರೆ ‘ಮರೆವು ಜಾಸ್ತಿಯಾಗಿದೆ’ ಎಂದುಬಿಡುತ್ತಾರೆ. ಮಧ್ಯಾಹ್ನ ಹೋದಾಗಲೆಲ್ಲ ಅಪ್ಪ ನಿದ್ದೆಯಲ್ಲೇ ಇದ್ದರೆ ನಿದ್ದೆ ಮಾತ್ರೆಯನ್ನು ಯಾವ ವೈದ್ಯರು ಬರೆದರು, ಎಂದು ಬರೆದರು ಎಂದು ಕೇಳಲೇಬೇಕು.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ತೊಂದರೆ ಭಾಷೆಯದು. ಬೆಂಗಳೂರಿನ ಹೊರವಲಯದ ಆರೈಕೆ ಕೆಲಸಕ್ಕೆ ಒಡಿಶಾದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಹುಡುಗ-ಹುಡುಗಿಯರು ಅನೇಕರಿದ್ದಾರೆ. ಅವರ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಉದ್ದುದ್ದ ಪಾಳಿ, ಕಡಿಮೆ ಸಂಬಳ, ತರಬೇತಿಯಿಲ್ಲದ ಕೈಗೆ ಕಷ್ಟದ ಕೆಲಸ ಎಲ್ಲವೂ ಅವರ ಪಾಲಿಗೆ. ಆದರೆ ಡಿಮೆನ್ಷಿಯಾ ಬಲಿತಾಗ ಕಲಿತ ಭಾಷೆಗಳು ಮೊದಲು ಜಾರಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದು ಸಾಮಾನ್ಯ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹರಿಸಿದ ಹಿರಿಯರು ಕೊನೆಗೆ ‘ಒಂದಕ್ಕೆ ಹೋಗ್ಬೇಕು’ ಎಂದು ಕನ್ನಡದಲ್ಲೇ ಹೇಳುತ್ತಾರೆ. ಎದುರಿಗಿರುವ ಹುಡುಗನಿಗೆ ಅದು ಅರ್ಥವಾಗುವುದಿಲ್ಲ. ಪ್ರತಿ ಪಾಳಿಯಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಇನ್ನು ಕಾನೂನು. ಒಂದೇ ಕಡೆ ಇಲ್ಲ ಎಂಬುದು ನಿಜ. ಆದರೆ ಚದುರಿದ ಕಾನೂನುಗಳಲ್ಲಿ ನಮಗೆ ಗೊತ್ತಿರದ ಬಲ ಇದೆ.

ರೋಗದಿಂದಲೋ ಶರೀರದ ದೌರ್ಬಲ್ಯದಿಂದಲೋ ತನ್ನನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿಯ ಆರೈಕೆಗೆ ಕರಾರು ಮಾಡಿಕೊಂಡವರು ಬೇಕೆಂದೇ ಅದನ್ನು ಮಾಡದೆ ಬಿಟ್ಟರೆ ಅದು ಅಪರಾಧ. 1860ರ ದಂಡ ಸಂಹಿತೆಯ 491ನೇ ಸೆಕ್ಷನ್‌ನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 357ನೇ ಸೆಕ್ಷನ್ ಆಗಿದೆ. ಹಿಂದೆ ಇದ್ದ 200 ರೂಪಾಯಿ ದಂಡ ಈಗ 5,000. ಸೆರೆವಾಸ ಮೂರು ತಿಂಗಳವರೆಗೆ. ಶಿಕ್ಷೆ ಸಣ್ಣದು, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತೆಯೂ ಇಲ್ಲ. ಆದರೂ ‘ಇದು ಹಣಕಾಸಿನ ಜಗಳ, ಸಿವಿಲ್ ಕೋರ್ಟಿಗೆ ಹೋಗಿ’ ಎನ್ನುವವರಿಗೆ ತೋರಿಸಲು ಈ ಸೆಕ್ಷನ್ ಬೇಕು. ನಿರ್ಲಕ್ಷ್ಯದಿಂದ ಸಾವಾಗಿದ್ದರೆ 106ನೇ ಸೆಕ್ಷನ್ ಇದೆ, ಐದು ವರ್ಷದವರೆಗೆ ಶಿಕ್ಷೆ.

ಇದಕ್ಕಿಂತ ಹರಿತವಾದದ್ದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಪಾರ್ಕಿನ್ಸನ್ ಕಾಯಿಲೆ, ಮಾನಸಿಕ ಅಸ್ವಸ್ಥತೆ ಅದರ ಪಟ್ಟಿಯಲ್ಲಿವೆ. ಆರೈಕೆಯ ಹೊಣೆ ಹೊತ್ತವರು ಅಂಗವಿಕಲ ವ್ಯಕ್ತಿಗೆ ತಿಳಿದೂ ತಿಳಿದೂ ಆಹಾರ ಅಥವಾ ನೀರು ನಿರಾಕರಿಸಿದರೆ 92ನೇ ಸೆಕ್ಷನ್ ಪ್ರಕಾರ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಸೆರೆ. ಇದೇ ಕಾಯ್ದೆಯ 7ನೇ ಸೆಕ್ಷನ್ ನನಗೆ ಇನ್ನೂ ಮುಖ್ಯ ಎನಿಸುತ್ತದೆ. ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ಅವರು ತಡೆಯಲು ಅಥವಾ ವ್ಯಕ್ತಿಯನ್ನು ಬಿಡಿಸಲು ಕ್ರಮ ತೆಗೆದುಕೊಳ್ಳಬೇಕು. ಯಾರೇ ಆದರೂ ಎಂದರೆ ಪಕ್ಕದ ಮನೆಯವರು, ಹಾಲು ಹಾಕುವವರು, ಕೆಲಸ ಬಿಟ್ಟು ಬಂದ ಆಯಾ ಎಲ್ಲರೂ ಸೇರಿದರು. ರಕ್ತಸಂಬಂಧ ಬೇಕಿಲ್ಲ.

ಕಟ್ಟಿಹಾಕುವುದರ ಬಗ್ಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 97ನೇ ಸೆಕ್ಷನ್ ಸ್ಪಷ್ಟವಾಗಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯ ಮೇಲೆ ಮಾತ್ರ. ಶಿಕ್ಷೆಗಾಗಿ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದು ಎಂಬ ಕಾರಣಕ್ಕಂತೂ ಕೂಡದು. ಈ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನು ವಿವರಿಸುವಾಗ ನೆನಪಿನ ಗಂಭೀರ ಏರುಪೇರನ್ನೂ ಹೆಸರಿಸುತ್ತದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳು ನೋಂದಣಿಯಾಗಬೇಕೆನ್ನುತ್ತದೆ. ಡಿಮೆನ್ಷಿಯಾ ಕೇಂದ್ರಗಳು ಇದರೊಳಗೆ ಬರುತ್ತವೆ ಎಂಬುದು ನನ್ನ ಓದು. ಸೇರಿಸುವ ಮುನ್ನ ನೋಂದಣಿ ಪತ್ರ ಕೇಳುವುದರಲ್ಲಿ ಸಂಕೋಚ ಬೇಡ.

ದಿನನಿತ್ಯದ ಜಗಳಗಳಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019. ತಲೆಬರಹದ ಮಾತು ಇಲ್ಲಿಗೆ ಬರುತ್ತದೆ. ಹಣ ಕೊಟ್ಟವನಷ್ಟೇ ಗ್ರಾಹಕನಲ್ಲ, ಅವನ ಒಪ್ಪಿಗೆಯಿಂದ ಸೇವೆ ಪಡೆಯುವ ಫಲಾನುಭವಿಯೂ ಗ್ರಾಹಕ ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ಅಂದರೆ ಶುಲ್ಕ ಮಗನ ಖಾತೆಯಿಂದ ಹೋಗುತ್ತಿದ್ದರೂ ತಾಯಿ ತನ್ನ ಹೆಸರಿನಲ್ಲೇ ದೂರು ಕೊಡಬಹುದು. ಮಗನ ಜೊತೆ ಮಾತು ಬಿಟ್ಟಿದ್ದರೂ ಕೊಡಬಹುದು. ಸೇವೆಗೆ ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಅರ್ಜಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾಖಲಿಸಬಹುದು. ಮಗಳು ಹುಬ್ಬಳ್ಳಿಯಲ್ಲಿದ್ದು ಶುಲ್ಕ ಕಟ್ಟುತ್ತಿದ್ದರೆ ಆ ಜಿಲ್ಲೆಯಲ್ಲೇ ಸಲ್ಲಿಸಬಹುದು. ತೊಂದರೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಪೂರ್ತಿ ಉಚಿತವಾಗಿ ನಡೆಸುವ ಆಶ್ರಮ ಈ ಕಾಯ್ದೆಗೆ ಒಳಪಡುವುದಿಲ್ಲ. ಬಡವರ ಪಾಲಿಗೆ ಇದು ದೊಡ್ಡ ಕಂದಕ.

ಒಪ್ಪಂದವೇ ಅನ್ಯಾಯದ್ದಾಗಿದ್ದರೆ? ಮಿತಿಮೀರಿದ ಭದ್ರತಾ ಠೇವಣಿ, ಆದ ನಷ್ಟಕ್ಕೆ ತಾಳೆಯಾಗದ ದಂಡ, ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಅಧಿಕಾರ ಇವನ್ನು ಅನ್ಯಾಯದ ಕರಾರು ಎಂದು 2019ರ ಕಾಯ್ದೆ ಹೆಸರಿಟ್ಟು ಕರೆದಿದೆ. ಅಂಥ ಷರತ್ತನ್ನು ರದ್ದುಪಡಿಸುವ ಅಧಿಕಾರ ರಾಜ್ಯ ಆಯೋಗಕ್ಕಿದೆ. ತಾಯಿ ತೀರಿಕೊಂಡ ಮೇಲೂ ಠೇವಣಿ ಹಿಂದಿರುಗಿಸದೆ ಸತಾಯಿಸುವವರಿಗೆ, ‘ನಾವು ಯಾವಾಗ ಬೇಕಾದರೂ ಖಾಲಿ ಮಾಡಿಸಬಹುದು’ ಎಂದು ಬರೆಸಿಕೊಳ್ಳುವವರಿಗೆ ಇದು ಉತ್ತರ. ‘ಹೊಣೆಯಲ್ಲ’ ಎಂಬ ಸಾಲಿಗೆ ಸಹಿ ಹಾಕಿದ್ದೀರೆಂದು ನಿರ್ಲಕ್ಷ್ಯಕ್ಕೆ ಕ್ಷಮೆ ಸಿಗುವುದಿಲ್ಲ.

ಹಿರಿಯ ನಾಗರಿಕರ 2007ರ ಪೋಷಣೆ ಕಾಯ್ದೆಯ ನ್ಯಾಯಮಂಡಳಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಉಪವಿಭಾಗಾಧಿಕಾರಿ ನಡೆಸುವ ಈ ಮಂಡಳಿ (ಬ್ರೂಕ್‌ಫೀಲ್ಡ್‌ನವರಿಗೆ ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿರುವ ಬೆಂಗಳೂರು ಉತ್ತರ ಉಪವಿಭಾಗದ್ದು) ಮಕ್ಕಳ ಮೇಲಿನ ದೂರಿಗೆ ಇರುವಂಥದ್ದು. ಕೇಂದ್ರದ ಮೇಲಿನ ದೂರನ್ನು ಅಲ್ಲಿ ವಿಚಾರಿಸುವುದಿಲ್ಲ. ಅದು ಕೊಡಿಸಬಹುದಾದ ಜೀವನಾಂಶ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಈ ಭಾಗದ ಖಾಸಗಿ ಕೇಂದ್ರಗಳ ಶುಲ್ಕ ಅದರ ಹಲವು ಪಟ್ಟು. ಆದರೆ ಅದೇ ಕಾಯ್ದೆಯ 24ನೇ ಸೆಕ್ಷನ್ ಎಲ್ಲರಿಗೂ ಅನ್ವಯಿಸುತ್ತದೆ: ಹಿರಿಯರ ರಕ್ಷಣೆಯ ಹೊಣೆ ಹೊತ್ತ ಯಾರೇ ಅವರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಬೆಳಗಾವಿಯ ಬಿಮ್ಸ್ ಆಸ್ಪತ್ರೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮಕ್ಕಳು ಬಿಟ್ಟುಹೋಗಿದ್ದಾರೆ ಎಂದರು. ಅಂಥವರ ಪರವಾಗಿ ಉಪವಿಭಾಗಾಧಿಕಾರಿಗೆ ದೂರು ಕೊಡಿ, ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯ ವರ್ಗಾವಣೆ ರದ್ದುಪಡಿಸಲು ಮುಂದಾಗಿ ಎಂದು ವೈದ್ಯಕೀಯ ಸಂಸ್ಥೆಗಳ ನಿರ್ದೇಶಕರಿಗೆ ಸೂಚಿಸಿದರು. ಶುಲ್ಕ ಬಾಕಿ ಎಂದು ಹಿರಿಯರನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಬರುವ ಕೇಂದ್ರಕ್ಕೂ ಈ ಸೆಕ್ಷನ್ ತಾಗಬೇಕು.

ಕೊನೆಗೆ, ಹಿರಿಯರ ಮಾತು. ಬುದ್ಧಿ ನೆಟ್ಟಗಿರುವ ವ್ಯಕ್ತಿ ‘ನಾನು ಇಲ್ಲಿರಲಾರೆ’ ಎಂದರೆ ‘ಮಗ ಹೇಳದೆ ಬಿಡುವುದಿಲ್ಲ’ ಎಂದು ಗೇಟು ಹಾಕುವ ಅಧಿಕಾರ ಯಾರಿಗೂ ಇಲ್ಲ. ಅದು ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಹೇಳುವ ಅಕ್ರಮ ಬಂಧನ. ಮರೆವಿನ ಮೊದಲ ಲಕ್ಷಣ ಕಂಡಾಗಲೇ ಮಾಡಬೇಕಾದ ಒಂದು ಕೆಲಸವೂ ಇದೆ. ಹೆಚ್ಚಿನವರು ಮಕ್ಕಳ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದು ನಿಶ್ಚಿಂತರಾಗುತ್ತಾರೆ. ಬರೆದುಕೊಟ್ಟವರ ಬುದ್ಧಿಸ್ಥಿತಿ ಕೆಟ್ಟರೆ ಆ ಪತ್ರದ ಬಲ ಹೋಗುತ್ತದೆ ಎಂಬುದು ಕರಾರು ಕಾಯ್ದೆಯ ನಿಯಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಾದರೆ ಚಿಕಿತ್ಸೆಯ ಬಗ್ಗೆ ಮುಂಗಡ ಇಚ್ಛೆಯನ್ನು ಬರೆದಿಡಬಹುದು, ತನ್ನ ಪರ ಮಾತಾಡುವ ಪ್ರತಿನಿಧಿಯನ್ನು ತಾನೇ ಹೆಸರಿಸಬಹುದು. ಆ ಪ್ರತಿನಿಧಿ ಮಗನೇ ಆಗಬೇಕೆಂದಿಲ್ಲ. ಪಕ್ಕದ ಬೀದಿಯ ಗೆಳತಿಯೂ ಆಗಬಹುದು.

ಅನುಮಾನ ಬಂದರೆ ಮೊದಲು ಬರಹದಲ್ಲಿ ಕೇಳಿ. ಹುಣ್ಣಿನ ಫೋಟೊ ದಿನಾಂಕದೊಂದಿಗೆ ಇಟ್ಟುಕೊಳ್ಳಿ, ತೂಕ ಬರೆದಿಡಿ, ಮಾತ್ರೆಯ ಚಾರ್ಟು, ಮಗ್ಗುಲು ಬದಲಿಸಿದ ದಾಖಲೆಯ ಪ್ರತಿ ಕೇಳಿ, ಹೊರಗಿನ ವೈದ್ಯರೊಬ್ಬರಿಂದ ತಪಾಸಣೆ ಮಾಡಿಸಿ ಬರೆಸಿಕೊಳ್ಳಿ. ಹೇಳದೆ ಕೇಳದೆ ಹೋಗಿ, ಭಾನುವಾರದ ಮಧ್ಯಾಹ್ನ ಬಿಟ್ಟು ರಾತ್ರಿ ಊಟದ ಹೊತ್ತಿಗೆ ಹೋಗಿ. ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಿಂದ ನಡೆಸುತ್ತಿರುವ ಹಿರಿಯರ ಸಹಾಯವಾಣಿ 1090, ದೇಶವ್ಯಾಪಿ ಎಲ್ಡರ್‌ಲೈನ್ 14567, ಉಚಿತ ಕಾನೂನು ನೆರವಿಗೆ 15100. ಜೀವಕ್ಕೆ ಅಪಾಯವಿದ್ದರೆ 112.

ನ್ಯೂಜೆರ್ಸಿಯಲ್ಲಿರುವ ಕನ್ನಡದ ಮಗ ಅಲ್ಲಿಯ ಯಾವ ನರ್ಸಿಂಗ್ ಹೋಮ್‌ನ (ಅಲ್ಲಿ ಹಿರಿಯರ ಆರೈಕೆ ಕೇಂದ್ರಕ್ಕೆ ಈ ಹೆಸರು) ತಪಾಸಣಾ ವರದಿಯನ್ನಾದರೂ ಮೆಡಿಕೇರ್ ಜಾಲತಾಣದಲ್ಲಿ ಕುಳಿತಲ್ಲೇ ಓದಬಹುದು. 1987ರ ಕಾಯ್ದೆಯೊಂದು ಅಲ್ಲಿನ ನಿವಾಸಿಗಳ ಹಕ್ಕುಗಳನ್ನು ಹೇಳಿತು, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವುದನ್ನೂ ಮಂಪರು ಬರಿಸುವುದನ್ನೂ ನಿಷೇಧಿಸಿತು, ಹದಿನೈದು ತಿಂಗಳೊಳಗೆ ಒಮ್ಮೆಯಾದರೂ ಮುನ್ಸೂಚನೆಯಿಲ್ಲದ ತಪಾಸಣೆ ಕಡ್ಡಾಯ ಮಾಡಿತು. ಅಲ್ಲಿಯೂ ನಿರ್ಲಕ್ಷ್ಯ ನಿಂತಿಲ್ಲ, ಆದರೆ ಅದು ದಾಖಲಾಗುತ್ತದೆ. ಅದೇ ಮಗ ಬ್ರೂಕ್‌ಫೀಲ್ಡ್‌ನಲ್ಲಿ ತನ್ನ ತಾಯಿ ಇರುವ ಮನೆಯ ಬಗ್ಗೆ ಓದಲು ಸಿಗುವುದು ಕೇಂದ್ರದವರೇ ಹಾಕಿದ ಫೋಟೊಗಳು.

ಇದನ್ನು ಬದಲಿಸಲು ಸಂಸತ್ತಿನ ಮುಂದಿನ ಮಸೂದೆಗೆ ಕಾಯಬೇಕಿಲ್ಲ. ಹಿರಿಯರ ಘನತೆ, ಆರೋಗ್ಯ, ವಸತಿ ಸಂವಿಧಾನ ಕೊಟ್ಟ ಹಕ್ಕುಗಳು ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 13ರಂದು ಅಶ್ವನಿ ಕುಮಾರ್ ಪ್ರಕರಣದಲ್ಲಿ ಹೇಳಿ, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಲೆಕ್ಕ ತೆಗೆಯಲು ಸೂಚಿಸಿತು. ಕೇರಳ 2025ರಲ್ಲಿ ಹಿರಿಯರಿಗಾಗಿಯೇ ಆಯೋಗ ರಚಿಸುವ ಕಾಯ್ದೆ ಮಾಡಿತು. ಹಿರಿಯ ನಾಗರಿಕರ ಜೀವ ಮತ್ತು ಆಸ್ತಿ ರಕ್ಷಣೆಗೆ ಕ್ರಿಯಾಯೋಜನೆ ಮಾಡುವ ಹೊಣೆಯನ್ನು 2007ರ ಕಾಯ್ದೆಯ 22ನೇ ಸೆಕ್ಷನ್ ಈಗಾಗಲೇ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆ ಯೋಜನೆಯಲ್ಲಿ ಖಾಸಗಿ ಆರೈಕೆ ಕೇಂದ್ರಗಳ ನೋಂದಣಿ ಸೇರಬೇಕು, ರಾತ್ರಿ ಪಾಳಿಗೆ ಕನಿಷ್ಠ ಸಿಬ್ಬಂದಿಯ ಸಂಖ್ಯೆ ಸೇರಬೇಕು, ಮುನ್ಸೂಚನೆಯಿಲ್ಲದ ತಪಾಸಣೆ ಸೇರಬೇಕು. ವರದಿಗಳು ಕನ್ನಡದಲ್ಲಿ ಇಲಾಖೆಯ ಜಾಲತಾಣಕ್ಕೆ ಬರಬೇಕು, ಒಂದು ನಕಲು ಪ್ರತಿ ಕೇಂದ್ರದ ಊಟದ ಕೋಣೆಯ ಗೋಡೆಯ ಮೇಲೆ, ಅಲ್ಲಿರುವ ಹಿರಿಯರ ಕಣ್ಣಿಗೆ ಬೀಳುವಷ್ಟು ದಪ್ಪ ಅಕ್ಷರದಲ್ಲಿ ಇರಬೇಕು.